ನೂರ ಹತ್ತು ಗ್ಯಾಲನ್

ಕೊಲೊರಾಡೊದ ಪ್ವೆಬ್ಲೊ ಊರಿನಲ್ಲಿ
ಯುಫೇಮಿಯಾ ಆರ್ಚುಲೆಟಾ
ಮೂವತ್ತೊಂದು ವರ್ಷ ನೀರಿನ ಕಚೇರಿಯ ಗುಮಾಸ್ತೆ.
ಯಾವ ಕಾಲುವೆ ಯಾರದು, ಯಾವ ಇಸವಿಯದು,
ಹೊಳೆ ಸೊರಗಿದರೆ ಯಾರ ತೂಬು ಮೊದಲು ಮುಚ್ಚಬೇಕು,
ಎಲ್ಲ ಅವಳ ದುಂಡಕ್ಷರದಲ್ಲಿ.
ಮೊದಲು ಬಂದವನಿಗೆ ಮೊದಲ ನೀರು,
ಅದು ಅಲ್ಲಿಯ ಕಾಯಿದೆ.
ಮೊದಲು ಬಂದವರು ಯಾರೆಂದು
ಹೊಳೆಯನ್ನು ಯಾರೂ ಕೇಳಿರಲಿಲ್ಲ.

ನಿಮ್ಮ ಮಾಡಿನ ಮೇಲೆ ಬಿದ್ದ ಮಳೆ ನಿಮ್ಮದಲ್ಲ.
ಅದು ಎಲ್ಲಿಗೋ ಹೊರಟಿದೆ, ದಾರಿಯಲ್ಲಿ ನಿಮ್ಮ ಮಾಡು ಸಿಕ್ಕಿತು, ಅಷ್ಟೆ.
ಚರಂಡಿ, ಹೊಳೆ, ಕೆಳಗೆ ರಾಕಿ ಫೋರ್ಡಿನ ಕರಬೂಜದ ಹೊಲ,
ಮಿಕ್ಕಿದ್ದು ಕಾನ್ಸಾಸಿಗೆ.
ನಡುವೆ ತಡೆದರೆ ಕಳವು.
ಹನಿಗೂಡಿದರೆ ಹಳ್ಳ, ಬೇರೆ ಕಡೆ ಗಾದೆ;
ಇಲ್ಲಿ ಅದೇ ಫಿರ್ಯಾದು.

ಹಾಗೆಂದು ಫೋನಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದಳು!
"ಇಲ್ಲ ಸಾರ್, ಬಕೆಟ್ಟೂ ಇಡುವಂತಿಲ್ಲ."
ಹೇಳಿ, ಕಚೇರಿ ಮುಗಿಸಿ ಮನೆಗೆ ಬಂದರೆ
ತಾಯಿ ದೊಮಿತಿಲಾ ತಗಡಿನ ಬಾನಿಯನ್ನು
ಸೂರಿನ ಕೆಳಗೆ ಮರೆತುಬಿಟ್ಟಿರುತ್ತಿದ್ದಳು.
ಗುಡುಗಿದಾಗೆಲ್ಲ ಮರೆಯುತ್ತಿದ್ದಳು.
ನಲ್ಲಿ ನೀರಿಗೆ ಕೂದಲು ಪೊರಕೆ ಕಣೇ, ಅನ್ನುವಳು
ಟವೆಲಿನಲ್ಲಿ ತಲೆ ಉಜ್ಜುತ್ತ.
ಮಗಳದು ತುಟಿಪಿಟಕ್ಕಿಲ್ಲ.
ಜಡೆ ಹೆಣೆಯುವಾಗ ಬೆರಳ ನಡುವೆ ಜಾರುತ್ತಿದ್ದ ಆ ನುಣುಪು
ಯಾವ ದಫ್ತರಕ್ಕೂ ಏರಲಿಲ್ಲ.

ಆಮೇಲೆ ಕಾಯಿದೆ ತುಸು ಸಡಿಲಿತು:
ಮನೆಗೆರಡು ಪೀಪಾಯಿ, ಸೇರಿ ನೂರ ಹತ್ತು ಗ್ಯಾಲನ್,
ಹೊರಗಿನ ಗಿಡಕ್ಕೆ ಮಾತ್ರ.
ಅಷ್ಟೊತ್ತಿಗೆ ಮಗಳು ನಿವೃತ್ತೆ,
ತಾಯಿ ಮಣ್ಣಿನಲ್ಲಿ.

ಆಲಿವ್ ತುಂಬಿ ಬಂದಿದ್ದ ನೀಲಿ ಪೀಪಾಯಿ ಎರಡು ಕೊಂಡಳು.
ಎಷ್ಟು ತೊಳೆದರೂ ಉಪ್ಪಿನ ಘಾಟು ಬಿಡಲೊಲ್ಲದು.
ಪಕ್ಕದ ಮನೆಯ ಬಸ್ ಡ್ರೈವರ್ ರೂಡಿ ಕ್ರಾಸೊವೆಕ್
ಡ್ರಿಲ್ ಹಿಡಿದು ಬೇಲಿ ದಾಟಿ ಬಂದ.
ಮಾಡಿನ ಕೊಳವೆ ಮೊಣಕೈಯಲ್ಲಿ ಕತ್ತರಿಸಿದ,
ಬಾಯಿಗೆ ಸೊಳ್ಳೆಯ ಜಾಲರಿ, ಬುಡಕ್ಕೆ ಹಿತ್ತಾಳೆ ನಲ್ಲಿ,
ಅಡಿಗೆ ಇಟ್ಟಿಗೆ ಪೇರಿಸಿದ:
"ಎತ್ತರದಲ್ಲಿರಲಿ. ನೀರಿಗೆ ಇಳಿಯುವ ವಿದ್ಯೆ ಒಂದೇ ಗೊತ್ತು."

ಜುಲೈ ಬಂತು, ಮೋಡ ಬರಲಿಲ್ಲ.
ತಟ್ಟಿದರೆ ಎರಡೂ ಡೋಲು.
ಟೊಮೆಟೊ ಎಲೆ ಮುದುರಿಕೊಂಡವು,
ಮೆಣಸಿನ ಗಿಡ ಸಾಲಕ್ಕೆ ಸಾಲು ತಲೆ ತಗ್ಗಿಸಿದವು,
ಅವಳು ಕೊಳವೆಯ ಬಾಯಿಗೆ ಕಣ್ಣಿಟ್ಟು ಒಳಗೆ ನೋಡಿದಳು:
ಒಂದು ಜೇಡ, ಸಂಸಾರ ಸಮೇತ.

ಹದಿನೇಳರ ಮಧ್ಯಾಹ್ನ, ಮೂರೂವರೆ ಇರಬಹುದು,
ಬೆಟ್ಟದ ಕಡೆಯಿಂದ ಒಮ್ಮೆಗೇ ಕತ್ತಲು.
ಆಲಿಕಲ್ಲು. ಬಿಸಿ ಡಾಂಬರಿನ ಹಬೆ.
ಆಮೇಲೆ, ಅಯ್ಯೋ, ನೀರು!
ಇಪ್ಪತ್ತೇ ನಿಮಿಷ.
ಕೊಡೆಯಿಲ್ಲದೆ ನಿಂತು ಪೀಪಾಯಿಗೆ ಕಿವಿ ಹಚ್ಚಿದಳು:
ತಳದಲ್ಲಿ ಪಟಪಟ,
ನಡುವಿನಲ್ಲಿ ಬುಳುಬುಳು,
ಕಂಠಕ್ಕೆ ಬಂದಾಗ ಸದ್ದೇ ಇಲ್ಲ,
ಉಂಡವರ ಹಾಗೆ.

ಎರಡೂ ತುಂಬಿದವು. ಲೆಕ್ಕ ಸರಿಯಾಯಿತು.
ಮಳೆಗೆ ಲೆಕ್ಕ ತಿಳಿಯದು;
ಉಕ್ಕಿ, ಅವಳ ಚಪ್ಪಲಿ ತೋಯಿಸಿ,
ಅಂಗಳ ದಾಟಿ, ರಸ್ತೆಗಿಳಿದು,
ಕಾನ್ಸಾಸಿನ ದಾರಿ ಹಿಡಿಯಿತು.
ಮೂವತ್ತೊಂದು ವರ್ಷದ ಗುಮಾಸ್ತೆ ನೋಡುತ್ತ ನಿಂತಳು.
ಆಮೇಲೆ ಶೆಡ್ಡಿನೊಳಗೆ ಏನೇನನ್ನೋ ಸರಿಸಿದ ಸದ್ದು,
ಅಂಚು ತುಕ್ಕು ಹಿಡಿದ ತಗಡಿನ ಬಾನಿಯನ್ನು
ದರದರ ಎಳೆದು ತಂದು
ಸೂರಿನ ಕೆಳಗೆ
ಮರೆತಳು.

"ಮೂರನೆಯದು?" ಅಂದ ರೂಡಿ, ಬೇಲಿಯಾಚೆಯಿಂದ.
"ಕಾಯಿದೆಯಲ್ಲಿ ಪೀಪಾಯಿ ಅಂತಿದೆ.
ಇದು ನಮ್ಮಮ್ಮನ ಬಾನಿ."

ಮರುದಿನ ಬಿಸಿಲಿಗೆ ಬೆನ್ನು ಕೊಟ್ಟು
ಮೆಟ್ಟಿಲ ಮೇಲೆ ಬಿಳಿಕೂದಲು ಹರವಿ ಕೂತಿದ್ದಳು.
ಹೆಣೆಯುವವರಿಲ್ಲ.
ತಾನೇ ಬೆರಳಾಡಿಸಿದಳು;
ಜಾರಿತು.
ತಲೆ ತೊಳೆದ ನೀರು ಆಗಲೇ ಮೆಣಸಿನ ಗಿಡದ ಬುಡದಲ್ಲಿತ್ತು.
ಕಾನ್ಸಾಸಿಗೆ ಒಂದು ಬಾನಿ ಕಡಿಮೆ.